ನಿನ್ನೆ ಆಗುತ್ತಿದ್ದ ಬಿಲ್ಡ್ ಇಂದೇಕೆ ಆಗುತ್ತಿಲ್ಲ?

ಪ್ರಶ್ನೆ: “ಸರ್, ನಮ್ಮದು ಅಂತಿಮ ವರ್ಷದ ಪ್ರಾಜೆಕ್ಟ್. ಫ್ಲಟರ್ ಎಂಬ ಸಾಧನದಲ್ಲಿ ಆ್ಯಪ್ ಮಾಡಿದ್ದೇವೆ. ಕಳೆದ ವಾರದವರೆಗೆ ಸರಿಯಾಗಿ ಬಿಲ್ಡ್ ಆಗುತ್ತಿತ್ತು. ಕೋಡ್‌ನಲ್ಲಿ ಒಂದು ಸಾಲನ್ನೂ ಮುಟ್ಟಿಲ್ಲ. ಈಗ ‘ಅನ್‌ಸಪೋರ್ಟೆಡ್ ಕ್ಲಾಸ್ ಫೈಲ್ ಮೇಜರ್ ವರ್ಷನ್ 65’ ಎಂದು ಬರುತ್ತದೆ. ಎಲ್ಲವನ್ನೂ ಲೇಟೆಸ್ಟ್‌ಗೆ ಅಪ್‌ಡೇಟ್ ಮಾಡಿದರೂ ಹೋಗಲಿಲ್ಲ, ಬೇರೆ ಬೇರೆ ಎರರ್ ಬರಲು ಶುರುವಾಗಿದೆ. ಏನು ಮಾಡಬೇಕು?”

ಉತ್ತರ: ಪ್ರಾಜೆಕ್ಟ್ ಸಲ್ಲಿಕೆಯ ದಿನ ಹತ್ತಿರವಾದಂತೆ ಈ ಪ್ರಶ್ನೆ ಸುರತ್ಕಲ್‌ನಿಂದಲೂ ಮೂಡುಬಿದಿರೆಯಿಂದಲೂ ಮಣಿಪಾಲದಿಂದಲೂ ತಪ್ಪದೆ ಬರುತ್ತದೆ. ಕೇಳುವವರ ಹೆಸರು ಬದಲಾಗುತ್ತದೆ, 65 ಎಂಬ ಅಂಕೆ ಬದಲಾಗುವುದಿಲ್ಲ. ಫೋನಿನಲ್ಲಿ ಹೇಳಿ ಹೇಳಿ ಸಾಕಾದ ಕಾರಣ ಒಮ್ಮೆ ವಿವರವಾಗಿ ಬರೆದಿಡುತ್ತಿದ್ದೇನೆ.

ಕೋಡ್ ಮುಟ್ಟಿಲ್ಲ ಎಂಬ ನಿಮ್ಮ ಮಾತನ್ನು ನಾನು ನಂಬುತ್ತೇನೆ. ಆದರೆ ಬಿಲ್ಡ್, ಅಂದರೆ ಕೋಡನ್ನು ಫೋನಿನಲ್ಲಿ ಓಡುವ ಆ್ಯಪ್ ಆಗಿ ಕಟ್ಟುವುದು, ನಿಮ್ಮ ಕೋಡ್ ಒಂದರಿಂದಲೇ ಆಗುವ ಕೆಲಸವಲ್ಲ. ಜಾವಾ ಭಾಷೆಯ ಸಲಕರಣೆಗಳ ಪೆಟ್ಟಿಗೆಯಾದ ಜೆಡಿಕೆ, ಅದರ ಮೇಲೆ ಓಡಿ ಬಿಲ್ಡ್ ಕೆಲಸವನ್ನು ನಡೆಸುವ ಗ್ರೇಡಲ್, ಗ್ರೇಡಲ್‌ಗೆ ಆಂಡ್ರಾಯ್ಡ್ ಆ್ಯಪ್ ಕಟ್ಟುವುದನ್ನು ಕಲಿಸುವ ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್, ಅಂದರೆ ಎಜಿಪಿ, ಇವುಗಳ ಪಕ್ಕದಲ್ಲಿ ಕಾಟ್ಲಿನ್ ಭಾಷೆ, ಇವೆಲ್ಲ ಒಂದಕ್ಕೊಂದು ಒಪ್ಪಿದರೆ ಮಾತ್ರ ನಿಮ್ಮ ಫ್ಲಟರ್ ಪ್ರಾಜೆಕ್ಟ್ ಫೋನಿಗೆ ಹಾಕುವ ಎಪಿಕೆ ಫೈಲ್ ಆಗಿ ಹೊರಬರುತ್ತದೆ. ನೀವು ಮುಟ್ಟದಿದ್ದರೂ, ಕೋಡ್ ಬರೆಯುವ ತಂತ್ರಾಂಶವಾದ ಆಂಡ್ರಾಯ್ಡ್ ಸ್ಟುಡಿಯೋ ಮೂಲೆಯಲ್ಲಿ ಅಪ್‌ಡೇಟ್ ಸೂಚನೆ ತೋರಿಸಿದಾಗ ನೀವು ಒಪ್ಪಿರುತ್ತೀರಿ, ಅದು ನಿಮಗೆ ನೆನಪಿರುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಬಂದ ಸ್ಟುಡಿಯೋದ ಲೇಡಿಬಗ್ ಆವೃತ್ತಿಯು ತನ್ನೊಳಗೆ ಇಟ್ಟುಕೊಳ್ಳುವ ಜೆಡಿಕೆಯನ್ನು 17ರಿಂದ 21ಕ್ಕೆ ಏರಿಸಿತು. ಫ್ಲಟರ್ ಬಳಸುವುದು ಆ ಜೆಡಿಕೆಯನ್ನೇ. ನಿಮ್ಮ ಪ್ರಾಜೆಕ್ಟಿನ ಗ್ರೇಡಲ್ ಮಾತ್ರ ಹಿಂದಿನ 7.5ರಲ್ಲೇ ನಿಂತಿದೆ.

65 ಎಂದರೇನೆಂದು ಕೇಳಿದವರು ಬಹಳ ಕಡಿಮೆ. ‘65ನೇ ವರ್ಷನ್ ಎಲ್ಲಿ ಡೌನ್‌ಲೋಡ್‌ಗೆ ಸಿಗುತ್ತದೆ’ ಎಂದು ಹುಡುಕಿದವರನ್ನು ಮಾತ್ರ ಹಲವರನ್ನು ಕಂಡಿದ್ದೇನೆ. ಜಾವಾ ತಾನು ತಯಾರಿಸುವ ಪ್ರತಿಯೊಂದು ಕ್ಲಾಸ್ ಫೈಲಿನ ತಲೆಯಲ್ಲಿ ಒಂದು ಅಂಕೆಯನ್ನು ಬರೆಯುತ್ತದೆ. ಜಾವಾ 8ಕ್ಕೆ 52, 11ಕ್ಕೆ 55, 17ಕ್ಕೆ 61, 21ಕ್ಕೆ 65. ಎರರ್‌ನಲ್ಲಿ ಕಂಡ ಅಂಕೆಯಿಂದ 44 ಕಳೆದರೆ ಜಾವಾ ಆವೃತ್ತಿ ಸಿಗುತ್ತದೆ. ನನ್ನ ತರಗತಿಯಲ್ಲಿ ಕುಳಿತವರು ಬೇರೆಲ್ಲವನ್ನು ಮರೆತರೂ ಈ ನಲವತ್ತನಾಲ್ಕನ್ನು ಮರೆಯುವುದಿಲ್ಲ ಎಂಬುದು ನನಗೆ ಸಣ್ಣ ಹೆಮ್ಮೆಯ ವಿಷಯ. ನಿಮ್ಮ ಎರರ್ ಹೇಳುತ್ತಿರುವುದು ಇಷ್ಟೇ: ನನ್ನನ್ನು ಜಾವಾ 21ರ ಮೇಲೆ ಓಡಿಸುತ್ತಿದ್ದೀರಿ, ಅದರ ಬರಹವನ್ನು ಓದಲು ನನಗೆ ಬರುವುದಿಲ್ಲ. ಹೀಗೆ ಹೇಳುತ್ತಿರುವುದು ಗ್ರೇಡಲ್, ನಿಮ್ಮ ಕೋಡ್ ಅಲ್ಲ. ಜಾವಾ 21ರ ಮೇಲೆ ಓಡಲು ಗ್ರೇಡಲ್ 8.5 ಅಥವಾ ಅದಕ್ಕಿಂತ ಮುಂದಿನದು ಬೇಕು.

ಪರಿಹಾರ ಎರಡು ನಿಮಿಷದ್ದು. ಜೆಡಿಕೆ 17ನ್ನು ಬೇರೆಯಾಗಿ ಹಾಕಿಕೊಂಡು, ಟರ್ಮಿನಲ್‌ನಲ್ಲಿ, ಅಂದರೆ ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ, ‘ಫ್ಲಟರ್ ಕಾನ್ಫಿಗ್’ ಆದೇಶಕ್ಕೆ ‘--ಜೆಡಿಕೆ-ಡಿರ್’ ಎಂಬ ಆಯ್ಕೆಯನ್ನು ಸೇರಿಸಿ ಆ ಫೋಲ್ಡರಿನ ದಾರಿಯನ್ನು ಕೊಡಿ. ಬಳಿಕ ‘ಫ್ಲಟರ್ ಡಾಕ್ಟರ್ -ವಿ’ ಎಂದು ಹೊಡೆದು, ಅದರಲ್ಲಿ ಜಾವಾ ಎಂದಿರುವ ಸಾಲು 17ನ್ನು ತೋರಿಸುತ್ತದೆಯೇ ಎಂದು ಕಣ್ಣಾರೆ ನೋಡಿ. ಜಾವಾ ಎಲ್ಲಿದೆ ಎಂದು ಕಂಪ್ಯೂಟರಿಗೆ ತಿಳಿಸುವ ‘ಜಾವಾ ಹೋಮ್’ ಬದಲಿಸಿದರೂ ಪ್ರಯೋಜನವಾಗಲಿಲ್ಲ ಎಂದು ಹೇಳುವವರಿಗೆ ಇಲ್ಲಿಯೇ ಉತ್ತರವಿದೆ: ಹೀಗೆ ದಾರಿಯನ್ನು ನೀವಾಗಿ ಹೇಳದಿದ್ದರೆ ಫ್ಲಟರ್ ಮೊದಲು ನೋಡುವುದು ಸ್ಟುಡಿಯೋದೊಳಗಿನ ಜೆಡಿಕೆಯನ್ನು, ಆಮೇಲೆ ಜಾವಾ ಹೋಮನ್ನು. ಫ್ಲಟರ್ ಇಲ್ಲದ ಬರೀ ಆಂಡ್ರಾಯ್ಡ್ ಪ್ರಾಜೆಕ್ಟ್ ಆಗಿದ್ದರೆ ಕಥೆ ಬೇರೆ. ಅಲ್ಲಿ ಸ್ಟುಡಿಯೋದ ರನ್ ಗುಂಡಿ ಸೆಟ್ಟಿಂಗ್ಸ್‌ನಲ್ಲಿ ಗ್ರೇಡಲ್ ಜೆಡಿಕೆ ಎಂದಿರುವುದನ್ನು ಬಳಸುತ್ತದೆ, ಟರ್ಮಿನಲ್ ಜಾವಾ ಹೋಮನ್ನು ಬಳಸುತ್ತದೆ. ಗುಂಡಿ ಒತ್ತಿದರೆ ಆಗುವ ಬಿಲ್ಡ್ ಟರ್ಮಿನಲ್‌ನಲ್ಲಿ ಆಗದಿರುವುದಕ್ಕೆ ಬಹುಪಾಲು ಸಲ ಇದೇ ಕಾರಣ.

ಇನ್ನು ನಿಮ್ಮ ಪ್ರಶ್ನೆಯ ಎರಡನೆಯ ಭಾಗ. ನಿಜವಾಗಿ ನಾನು ಬರೆಯಲು ಕುಳಿತದ್ದು ಇದಕ್ಕಾಗಿ. ‘ಎಲ್ಲವನ್ನೂ ಲೇಟೆಸ್ಟ್ ಮಾಡಿದರೆ ಎರರ್ ಹೋಗುತ್ತದೆ’ ಎಂಬ ನಂಬಿಕೆ ಎಷ್ಟು ಆಳಕ್ಕೆ ಇಳಿದಿದೆಯೆಂದರೆ, ಅದು ತಪ್ಪು ಎಂದಾಗ ಎದುರಿಗೆ ಕುಳಿತವರು ನನ್ನನ್ನೇ ಸಂಶಯದಿಂದ ನೋಡುತ್ತಾರೆ. ಫೋನಿಗೆ ತೊಂದರೆಯಾದಾಗ ಅಂಗಡಿಯವರು ಅಪ್‌ಡೇಟ್ ಮಾಡಿ ಎನ್ನುತ್ತಾರೆ, ಆದ್ದರಿಂದ ಇಲ್ಲಿಯೂ ಅದೇ ಮದ್ದು ಎಂದುಕೊಂಡಿರುತ್ತಾರೆ.

ಹಂಚಿನ ಮಾಡು ಇರುವ ಮನೆಯಲ್ಲಿ ಬೆಳೆದವರಿಗೆ ಇದನ್ನು ತಿಳಿಸುವುದು ಸುಲಭ. ಒಂದು ಮಳೆಗಾಲಕ್ಕೆ ಮುಂಚೆ ನಮ್ಮ ಮಾಡಿನ ಮೇಲೆ ತೆಂಗಿನಕಾಯಿ ಬಿದ್ದು ನಾಲ್ಕು ಹಂಚು ಒಡೆದವು. ನಾನು ಪೇಟೆಯಿಂದ ಹೊಸ ಹಂಚು ತಂದಿಟ್ಟೆ. ಕೆಲಸಕ್ಕೆ ಬಂದ ಆಚಾರಿ ಅದರಲ್ಲಿ ಒಂದನ್ನು ಎತ್ತಿ ಮಗುಚಿ, ಅಚ್ಚಾಗಿದ್ದ ಕಾರ್ಖಾನೆಯ ಹೆಸರನ್ನು ನೋಡಿ ಬದಿಗಿಟ್ಟರು. “ಇದು ಅದರೊಟ್ಟಿಗೆ ಕೂರುವುದಿಲ್ಲ ಮಾರಾಯ್ರೇ, ನೀರು ಒಳಗೆ ಬರ್ತದೆ. ಹಟ್ಟಿಯ ಮಾಡಿನಿಂದ ಹಳೆಯದೇ ನಾಲ್ಕು ತೆಗೀರಿ” ಎಂದರು. ನಾನು ತಂದ ಹಂಚಿನಲ್ಲಿ ದೋಷವಿರಲಿಲ್ಲ. ಅದರ ಅಂಚಿನ ಕಚ್ಚು ಪಕ್ಕದ ಹಂಚಿನ ಕಚ್ಚಿಗೆ ಸೇರುತ್ತಿರಲಿಲ್ಲ, ಅಷ್ಟೇ.

ಹಾಗಾದರೆ ಇಡೀ ಮಾಡಿಗೆ ಹೊಸ ಹಂಚನ್ನೇ ಹಾಕಿದರಾಯಿತಲ್ಲ, ಎಲ್ಲವೂ ಲೇಟೆಸ್ಟ್ ಆದರೆ ತಾವಾಗಿ ಹೊಂದಿಕೊಳ್ಳುವುದಿಲ್ಲವೇ ಎಂದು ಚುರುಕಾದ ವಿದ್ಯಾರ್ಥಿಯೊಬ್ಬರು ಕೇಳಿದ್ದರು. ಒಳ್ಳೆಯ ಪ್ರಶ್ನೆ, ಆದರೆ ಹೊಂದಿಕೊಳ್ಳುವುದಿಲ್ಲ. ಗ್ರೇಡಲ್ ಒಂದು ಕಂಪೆನಿಯದು, ಎಜಿಪಿ ಗೂಗಲ್‌ನದು, ಕಾಟ್ಲಿನ್ ಜೆಟ್‌ಬ್ರೈನ್ಸ್‌ನದು, ಜಾವಾ ಪ್ರತಿ ಆರು ತಿಂಗಳಿಗೊಮ್ಮೆ ತನ್ನದೇ ಲೆಕ್ಕದಲ್ಲಿ ಬರುತ್ತದೆ, ಮತ್ತು ಬೇರೆಯವರು ಬರೆದಿಟ್ಟದ್ದನ್ನು ನೀವು ಬಳಸುವ ಫ್ಲಟರ್ ಪ್ಯಾಕೇಜುಗಳಲ್ಲಿ ಎಷ್ಟೋ ಯಾರೋ ಪುಣ್ಯಾತ್ಮರು ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುವಂಥವು. ಇವರೆಲ್ಲರ ಪಂಚಾಂಗ ಒಂದೇ ಅಲ್ಲ. ಜಾವಾ 21 ಬಿಡುಗಡೆಯಾದದ್ದು 2023ರ ಸೆಪ್ಟೆಂಬರ್‌ನಲ್ಲಿ. ಅದರ ಮೇಲೆ ಓಡಬಲ್ಲ ಗ್ರೇಡಲ್ 8.5 ಬಂದದ್ದು ಅದೇ ವರ್ಷದ ನವೆಂಬರ್ ಕೊನೆಗೆ. ನಡುವಿನ ಎರಡು ತಿಂಗಳಿಗೂ ಹೆಚ್ಚು ಕಾಲ, ಲೇಟೆಸ್ಟ್ ಜಾವಾ ಮತ್ತು ಲೇಟೆಸ್ಟ್ ಗ್ರೇಡಲ್ ಎರಡನ್ನೂ ಹಾಕಿಕೊಂಡ ಶಿಸ್ತಿನ ಮನುಷ್ಯನಿಗೆ ಬಿಲ್ಡ್ ಆಗುತ್ತಿರಲಿಲ್ಲ. ಹಳೆಯ 17ರಲ್ಲಿ ಉಳಿದ ಸೋಮಾರಿಗೆ ಆಗುತ್ತಿತ್ತು.

ಅಪ್‌ಡೇಟ್ ಮಾಡುತ್ತಾ ಹೋದರೆ ಏನಾಗುತ್ತದೆ ಎಂಬುದನ್ನು ಒಂದು ಸಂಜೆ ನನ್ನ ಮೇಜಿನ ಮೇಲೆಯೇ ನೋಡಿದ್ದೇನೆ. ಲ್ಯಾಪ್‌ಟಾಪ್ ತಂದಿದ್ದ ಹುಡುಗನ ಪ್ರಾಜೆಕ್ಟ್‌ನಲ್ಲಿ ಮೂಲತಃ ಗ್ರೇಡಲ್ 7.5, ಎಜಿಪಿ 7.3, ಕಾಟ್ಲಿನ್ 1.7.10 ಇದ್ದವು, ಇದು ಚೆನ್ನಾಗಿ ಹೊಂದುವ ಸಂಸಾರ. ಆತ ಎಜಿಪಿಯನ್ನು 8.7ಕ್ಕೆ ಏರಿಸಿದ್ದ. ಅದಕ್ಕೆ ಕನಿಷ್ಠ ಗ್ರೇಡಲ್ 8.9 ಬೇಕು, ಆದ್ದರಿಂದ ಅದನ್ನೂ ಏರಿಸಿದ್ದ, ನೂರು ಎಂಬಿಗೂ ಮೀರಿದ ಫೈಲು ಫೋನಿನ ಹಾಟ್‌ಸ್ಪಾಟ್‌ನಲ್ಲಿ ಇಳಿಯುವವರೆಗೆ ಕಾದಿದ್ದ. 65ರ ಎರರ್ ಹೋಯಿತು. ಅದರ ಜಾಗದಲ್ಲಿ ‘ನೇಮ್‌ಸ್ಪೇಸ್ ನಾಟ್ ಸ್ಪೆಸಿಫೈಡ್’ ಬಂತು. ಎಜಿಪಿ 8ರಿಂದ ಈಚೆಗೆ ಪ್ಯಾಕೇಜಿನ ಹೆಸರನ್ನು ಮ್ಯಾನಿಫೆಸ್ಟ್ ಫೈಲಿನಿಂದ ಓದುವುದು ನಿಂತಿದೆ, ಬಿಲ್ಡ್ ಫೈಲಿನಲ್ಲಿ ನೇಮ್‌ಸ್ಪೇಸ್ ಎಂದು ಬರೆದಿರಲೇಬೇಕು. ಆತನ ಬಿಲ್ಡ್ ಫೈಲಿನಲ್ಲಿ ಅದು ಇತ್ತು, ಆದರೆ ಆತ ಬಳಸಿದ್ದ ಹಳೆಯ ಪ್ಯಾಕೇಜೊಂದರ ಬಿಲ್ಡ್ ಫೈಲಿನಲ್ಲಿ ಇರಲಿಲ್ಲ. ಆ ಪ್ಯಾಕೇಜನ್ನೂ ಲೇಟೆಸ್ಟ್ ಮಾಡಿದ. ಆಗ ಜಾವಾ ಕಂಪೈಲ್ ಆಗುವುದು 1.8ಕ್ಕೆ, ಕಾಟ್ಲಿನ್ ಕಂಪೈಲ್ ಆಗುವುದು 17ಕ್ಕೆ, ಎರಡನ್ನೂ ಒಂದೇ ಮಾಡಿ ಎಂಬ ದೂರು ಬಂತು. ಗ್ರೇಡಲ್ 8ಕ್ಕೆ ಮುಂಚೆ ಇದು ಬರೀ ಎಚ್ಚರಿಕೆಯಾಗಿತ್ತು, ಈಗ ಬಿಲ್ಡನ್ನೇ ನಿಲ್ಲಿಸುತ್ತದೆ. ಅದನ್ನೂ ಸರಿಪಡಿಸಿದ ಮೇಲೆ ನೋಡಿದರೆ, ಲೇಟೆಸ್ಟ್ ಮಾಡಿದ ಪ್ಯಾಕೇಜಿನಲ್ಲಿ ಫಂಕ್ಷನ್‌ಗಳ ಹೆಸರುಗಳೇ ಬದಲಾಗಿದ್ದವು. ಫ್ಲಟರ್‌ನ ಭಾಷೆಯಾದ ಡಾರ್ಟ್‌ನಲ್ಲಿ ಆತ ಬರೆದ ಕೋಡ್ ಹನ್ನೊಂದು ಕಡೆ ಕೆಂಪಾಗಿತ್ತು. ‘ಕೋಡ್ ಮುಟ್ಟಿಲ್ಲ’ ಎಂದು ಬಂದವನು ಈಗ ಕೋಡನ್ನೇ ತಿರುಗಿ ಬರೆಯಬೇಕಾದ ಸ್ಥಿತಿಗೆ ಬಂದಿದ್ದ, ಮರುದಿನ ಬೆಳಿಗ್ಗೆ ಡೆಮೊ. ಕೋಡಿನ ಹಿಂದಿನ ಪ್ರತಿಗಳನ್ನು ಕಾಪಿಡುವ ಗಿಟ್‌ನಲ್ಲಿ ಹಳೆಯದು ಇತ್ತು ಎಂಬುದು ಆತನ ಪುಣ್ಯ. ಹಿಂದಕ್ಕೆ ಹೋಗಿ, ಫ್ಲಟರ್‌ಗೆ ಜೆಡಿಕೆ 17ರ ದಾರಿ ತೋರಿಸಿದೆವು, ಬಿಲ್ಡ್ ಆಯಿತು.

ಗ್ರೇಡಲ್ ಒಂದನ್ನೇ 8.5ಕ್ಕೆ ಏರಿಸಿ ಸುಮ್ಮನಿದ್ದರೆ ಸಾಲದೇ ಎಂದು ಕೇಳುವವರೂ ಇದ್ದಾರೆ. ಎಜಿಪಿ 8.1ರ ಪ್ರಾಜೆಕ್ಟ್‌ನಲ್ಲಿ ಹಾಗೆ ಮಾಡಿ ನೋಡಿ: 65 ಮಾಯವಾಗಿ ‘ಜೆಲಿಂಕ್’ ಎಂಬ ಹೆಸರಿರುವ ಇನ್ನೊಂದು ಉದ್ದನೆಯ ಎರರ್ ಎದುರಾಗುತ್ತದೆ, ಏಕೆಂದರೆ ಜಾವಾ 21ರೊಂದಿಗೆ ಹೊಂದುವ ತಿದ್ದುಪಡಿ ಎಜಿಪಿಗೆ ಬಂದದ್ದು 8.2.1ರಲ್ಲಿ. ಒಂದು ಕೊಂಡಿಯನ್ನು ಎಳೆದರೆ ಪಕ್ಕದ್ದೂ ಬರುತ್ತದೆ.

ಅಪ್‌ಡೇಟ್ ಮಾಡಲೇಬಾರದು ಎಂದು ನಾನು ಹೇಳಿದೆ ಎಂದು ದಯವಿಟ್ಟು ಯಾರೂ ಪ್ರಚಾರ ಮಾಡಬೇಡಿ. ಪ್ಲೇ ಸ್ಟೋರ್‌ಗೆ ಹಾಕುವವರಿಗೆ ಆಯ್ಕೆಯೇ ಇಲ್ಲ, 2025ರ ಆಗಸ್ಟ್ 31ರಿಂದ ಹೊಸ ಆ್ಯಪ್‌ಗಳೂ ಅಪ್‌ಡೇಟ್‌ಗಳೂ ಕನಿಷ್ಠ ಆಂಡ್ರಾಯ್ಡ್ 15ನ್ನು, ಅಂದರೆ ಎಪಿಐ 35ನ್ನು ಟಾರ್ಗೆಟ್ ಮಾಡಿರಬೇಕು. ಅಂಥ ಕೆಲಸವನ್ನು ಸಲ್ಲಿಕೆಯ ಹಿಂದಿನ ರಾತ್ರಿ ಇಟ್ಟುಕೊಳ್ಳದೆ, ಗಿಟ್‌ನ ಬೇರೆ ಬ್ರಾಂಚಿನಲ್ಲಿ, ಅಂದರೆ ಪ್ರತ್ಯೇಕ ಕವಲಿನಲ್ಲಿ, ಎಜಿಪಿಗೆ ಯಾವ ಗ್ರೇಡಲ್, ಯಾವ ಜೆಡಿಕೆ ಎಂದು ಗೂಗಲ್ ಕೊಟ್ಟಿರುವ ಕೋಷ್ಟಕವನ್ನು ಪಕ್ಕದಲ್ಲಿ ತೆರೆದಿಟ್ಟು, ಒಂದು ಹೆಜ್ಜೆಗೆ ಒಮ್ಮೆ ಬಿಲ್ಡ್ ಮಾಡುತ್ತಾ ಮಾಡಬೇಕು.

‘ಫ್ಲಟರ್ ಕ್ಲೀನ್’ ಮಾಡಿದೆವು ಎನ್ನುವವರಿಗೆ ಒಂದೇ ಮಾತು. ಅದು ಹಿಂದಿನ ಬಿಲ್ಡ್ ಬಿಟ್ಟುಹೋದ ಕಸವನ್ನು ಗುಡಿಸುತ್ತದೆ, ಆವೃತ್ತಿಗಳನ್ನು ಬದಲಿಸುವುದಿಲ್ಲ.

ಎರರ್ ಓದುವುದರ ಬಗ್ಗೆಯೂ ಹೇಳಿಬಿಡುತ್ತೇನೆ. ವಾಟ್ಸ್ಆ್ಯಪ್‌ನಲ್ಲಿ ನನಗೆ ಬರುವ ಹತ್ತು ಚಿತ್ರಗಳಲ್ಲಿ ಎಂಟು, ಪರದೆಯನ್ನು ಮೊಬೈಲಿನಿಂದ ಓರೆಯಾಗಿ ಹೊಡೆದ ಫೋಟೊಗಳು, ಮತ್ತು ಅದರಲ್ಲಿ ಕಾಣುವುದು ‘ಬಿಲ್ಡ್ ಫೇಲ್ಡ್’ ಎಂಬ ಕೊನೆಯ ಸಾಲು ಮಾತ್ರ. ಅದು ಫೇಲ್ ಆಗಿರುವುದು ನನಗೂ ಗೊತ್ತು, ಇಲ್ಲದಿದ್ದರೆ ನೀವು ಕಳುಹಿಸುತ್ತಿರಲಿಲ್ಲ. ಮೇಲಕ್ಕೆ ಹೋದರೆ ‘ವಾಟ್ ವೆಂಟ್ ರಾಂಗ್’ ಎಂಬ ಸಾಲು ಸಿಗುತ್ತದೆ, ಅದರ ಕೆಳಗಿನ ಎರಡು ಮೂರು ಸಾಲುಗಳನ್ನು ಪೂರ್ತಿಯಾಗಿ ಓದಿ. ಸ್ಟ್ಯಾಕ್‌ಟ್ರೇಸ್, ಅಂದರೆ ಎರರ್‌ನ ಪೂರ್ತಿ ಜಾಡು, ಹಾಕಿದ್ದರೆ ‘ಕಾಸ್ಡ್ ಬೈ’ ಎಂಬುದು ಹಲವು ಸಲ ಬರುತ್ತದೆ. ಮೂಲ ಕಾರಣ ಸಾಮಾನ್ಯವಾಗಿ ಎಲ್ಲಕ್ಕಿಂತ ಕೆಳಗಿನದರಲ್ಲಿರುತ್ತದೆ. ‘ಮಿನಿಮಮ್ ಸಪೋರ್ಟೆಡ್ ಗ್ರೇಡಲ್ ವರ್ಷನ್’ ಎಂಬಂಥ ಎರರ್‌ಗಳು ಏನು ಬೇಕು, ಈಗ ಏನಿದೆ ಎಂಬ ಎರಡೂ ಅಂಕೆಗಳನ್ನು ಕೊಟ್ಟೇ ಸಾಯುತ್ತವೆ. ಅದಕ್ಕಿಂತ ಹೆಚ್ಚಿನ ಉಪಕಾರವನ್ನು ಒಂದು ಯಂತ್ರದಿಂದ ನಿರೀಕ್ಷಿಸಲಾಗದು.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಈ ಪ್ರಶ್ನೆಯ ಬೆನ್ನಿಗೇ ‘ಗೆಳೆಯನ ಲ್ಯಾಪ್‌ಟಾಪ್‌ನಲ್ಲಿ ಆಗುತ್ತದೆ, ನನ್ನದರಲ್ಲಿ ಆಗುವುದಿಲ್ಲ’ ಎಂಬ ಗೊಣಗಾಟ ಇರುತ್ತದೆ. ಪ್ರಾಜೆಕ್ಟನ್ನು ಹೇಗೆ ಕೊಡು-ಕೊಳ್ಳುವುದು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಬಹಳಷ್ಟು ತಂಡಗಳಲ್ಲಿ ಇಡೀ ಫೋಲ್ಡರನ್ನು ಜಿಪ್ ಮಾಡಿ ಪೆನ್‌ಡ್ರೈವ್‌ನಲ್ಲಿ ದಾಟಿಸುತ್ತಾರೆ. ಗಿಟ್ ಬಳಸುವವರು ಇದಕ್ಕೆ ತಿರುಗುಮುರುಗು, ಹಾಕಬೇಕಾದುದನ್ನೇ ಬಿಟ್ಟುಬಿಡುತ್ತಾರೆ. ಗ್ರೇಡಲ್ ವ್ರ್ಯಾಪರ್‌ನ ಪ್ರಾಪರ್ಟೀಸ್ ಫೈಲ್ ಪ್ರಾಜೆಕ್ಟಿಗೆ ಯಾವ ಗ್ರೇಡಲ್ ಬೇಕೆಂದು ಬರೆದಿಡುವ ಜಾಗ, ‘ಪಬ್‌ಸ್ಪೆಕ್ ಡಾಟ್ ಲಾಕ್’ ಯಾವ ಪ್ಯಾಕೇಜಿನ ಯಾವ ಆವೃತ್ತಿ ಎಂದು ನಿಖರವಾಗಿ ಬರೆದಿಡುವ ಜಾಗ. ಆ್ಯಪ್ ಪ್ರಾಜೆಕ್ಟ್ ಆಗಿದ್ದರೆ ಎರಡೂ ಗಿಟ್‌ನಲ್ಲಿ ಇರಬೇಕು. ಲಾಕ್ ಫೈಲ್ ಇಲ್ಲದೆ, ಪ್ಯಾಕೇಜುಗಳ ಪಟ್ಟಿಯಾದ ಪಬ್‌ಸ್ಪೆಕ್‌ನಲ್ಲಿ ‘^1.2.3’ ಎಂದು ಮಾತ್ರ ಇದ್ದರೆ, 1.2.3ರಿಂದ 2.0.0ದ ಒಳಗಿನ ಯಾವುದೂ ಆಗಬಹುದು ಎಂದರ್ಥ. ಗೆಳೆಯ ಮಾರ್ಚ್‌ನಲ್ಲಿ ಇಳಿಸಿದ್ದೂ ನೀವು ಮೇಯಲ್ಲಿ ಇಳಿಸಿದ್ದೂ ಬೇರೆ ಬೇರೆಯಾದರೆ ಆಶ್ಚರ್ಯವಿಲ್ಲ.

ಜಿಪ್ ದಾಟಿಸುವವರಿಗೆ ಇನ್ನೊಂದು ಉಪದ್ರವಿದೆ. ಆಂಡ್ರಾಯ್ಡ್ ಫೋಲ್ಡರಿನಲ್ಲಿ ‘ಲೋಕಲ್ ಡಾಟ್ ಪ್ರಾಪರ್ಟೀಸ್’ ಎಂಬ ಫೈಲ್ ಇರುತ್ತದೆ. ಆಂಡ್ರಾಯ್ಡ್ ಆ್ಯಪ್ ಕಟ್ಟುವ ಸಲಕರಣೆಗಳಾದ ಎಸ್‌ಡಿಕೆ ಎಲ್ಲಿದೆ, ಫ್ಲಟರ್ ಎಲ್ಲಿದೆ ಎಂಬ ದಾರಿಗಳು ಅದರಲ್ಲಿರುತ್ತವೆ. ಗೆಳೆಯನ ಜಿಪ್ ಬಿಚ್ಚಿದಾಗ ಆತನ ಲ್ಯಾಪ್‌ಟಾಪಿನ ಯೂಸರ್ ಹೆಸರಿರುವ ದಾರಿಯೇ ಅಲ್ಲಿ ಕುಳಿತಿರುತ್ತದೆ, ಅಂಥ ಫೋಲ್ಡರ್ ನಿಮ್ಮಲ್ಲಿ ಇರುವುದಿಲ್ಲ. ‘ಎಸ್‌ಡಿಕೆ ಸಿಗಲಿಲ್ಲ’ ಎಂದು ಬಂದ ಕೂಡಲೇ ಸ್ಟುಡಿಯೋವನ್ನು ಕಿತ್ತು ಮತ್ತೆ ಹಾಕಲು ಹೊರಡಬೇಡಿ. ಆ ಫೈಲನ್ನು ಅಳಿಸಿ ಪ್ರಾಜೆಕ್ಟನ್ನು ಇನ್ನೊಮ್ಮೆ ಓಡಿಸಿ, ನಿಮ್ಮ ದಾರಿಯೊಂದಿಗೆ ಅದು ಹೊಸದಾಗಿ ತಯಾರಾಗುತ್ತದೆ.