ಗೌಟ್ ಮಾತ್ರೆಗೆ ವೈರಸ್ ತಡೆಯೋ ತಾಕತ್ತಿದೆಯಾ?

1941ರ ಫೆಬ್ರವರಿ. ಆಕ್ಸ್‌ಫರ್ಡಿನಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸನ ಮುಖಕ್ಕೆಲ್ಲ ಸೋಂಕು ಹಬ್ಬಿತ್ತು. ಪೆನಿಸಿಲಿನ್ ಚುಚ್ಚಿದರು. ಜ್ವರ ಇಳಿಯಿತು, ಊಟ ಸೇರತೊಡಗಿತು. ಆದರೆ ಔಷಧಿ ಇದ್ದದ್ದೇ ಚೂರು. ಅವನ ಮೂತ್ರ ಹಿಡಿದಿಟ್ಟು, ಅದರಿಂದ ಪೆನಿಸಿಲಿನ್ ಹೆಕ್ಕಿ, ಮತ್ತೆ ಅವನಿಗೇ ಕೊಟ್ಟರು. ಅದೂ ಮುಗಿಯಿತು. ಮಾರ್ಚ್‌ನಲ್ಲಿ ಅವನು ತೀರಿಕೊಂಡ.

ತೊಂದರೆ ಇದ್ದದ್ದು ಕಿಡ್ನಿಯಲ್ಲಿ. ಕೊಟ್ಟ ಪೆನಿಸಿಲಿನ್‌ನ ಬಹುಪಾಲನ್ನು ಅದು ಕೆಲವೇ ಗಂಟೆಗಳಲ್ಲಿ ಹೊರಗೆ ಹಾಕಿಬಿಡುತ್ತದೆ. ಈ ಸೋರಿಕೆ ನಿಲ್ಲಿಸಲು ಅಮೆರಿಕದ ಶಾರ್ಪ್ ಅಂಡ್ ಡೋಮ್ ಕಂಪನಿಯಲ್ಲಿ ಕಾರ್ಲ್ ಬೇಯರ್ ತಂಡ 1950ರ ಆಸುಪಾಸಿನಲ್ಲಿ ಒಂದು ಔಷಧಿ ರೂಪಿಸಿತು. ಅದೇ ಪ್ರೊಬೆನೆಸಿಡ್. ಅಷ್ಟರಲ್ಲಿ ಪೆನಿಸಿಲಿನ್ ಬೇಕಾದಷ್ಟು ತಯಾರಾಗತೊಡಗಿತ್ತು! ಆದರೆ ಈ ಮಾತ್ರೆ ಯೂರಿಕ್ ಆಮ್ಲವನ್ನು ಮೂತ್ರದಲ್ಲಿ ಜಾಸ್ತಿ ಹೊರಗೆ ಕಳಿಸುತ್ತದೆ ಎಂಬುದು ಗೊತ್ತಾಯಿತು. ಹಾಗಾಗಿ, ಕಾಲ್ಬೆರಳ ಕೀಲು ಊದಿಸಿ ಕಾಡುವ ಗೌಟ್‌ಗೆ ಇದು ಔಷಧಿಯಾಯಿತು.

ವೈರಸ್ ಚಿಕಿತ್ಸೆಗೂ ಇದು ಮೊದಲು ಬಂದದ್ದು ಸಹಾಯಕನಾಗಿಯೇ. ಏಡ್ಸ್ ರೋಗಿಗಳ ಕಣ್ಣಿನ ಸೋಂಕಿಗೆ 1996ರಲ್ಲಿ ಒಪ್ಪಿಗೆ ಪಡೆದ ಸಿಡೋಫೊವಿರ್ ಎಂಬ ಔಷಧಿ ಕಿಡ್ನಿಯನ್ನೇ ಕೆಡಿಸುತ್ತಿತ್ತು. ಅದರ ಜೊತೆ ಪ್ರೊಬೆನೆಸಿಡ್ ಕೊಡುವುದು ಕಿಡ್ನಿಯ ರಕ್ಷಣೆಗೆ. 2005ರಲ್ಲಿ ಹಕ್ಕಿಜ್ವರದ ಭಯ ಹಬ್ಬಿ ಫ್ಲೂ ಔಷಧಿ ಟ್ಯಾಮಿಫ್ಲೂ ಸಾಲದು ಎನ್ನಿಸಿದಾಗ, ಅದನ್ನೂ ಪ್ರೊಬೆನೆಸಿಡ್ಡನ್ನೂ ಒಟ್ಟಿಗೆ ಕೊಟ್ಟರೆ ಅರ್ಧ ಡೋಸ್ ಸಾಕಲ್ವಾ ಎಂಬ ಮಾತು ಬಂತು. ಲೆಕ್ಕ ಸರಿಯಾಗಿಯೇ ಇತ್ತು: ಜೊತೆಗೆ ಕೊಟ್ಟಾಗ ರಕ್ತದಲ್ಲಿ ಟ್ಯಾಮಿಫ್ಲೂ ಅಂಶ ದುಪ್ಪಟ್ಟಿಗೂ ಹೆಚ್ಚಾಗಿತ್ತು.

ಮಾತ್ರೆಯೇ ನೇರವಾಗಿ ವೈರಸ್ ತಡೆಯಬಹುದೇ? ಈ ಪ್ರಶ್ನೆ ಹುಟ್ಟಿದ್ದು ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ, ರಾಲ್ಫ್ ಟ್ರಿಪ್ ಅವರ ಲ್ಯಾಬಿನಲ್ಲಿ. ವೈರಸ್‌ಗೆ ಸ್ವಂತ ಬಂಡವಾಳ ಕಡಿಮೆ. ನಮ್ಮ ಜೀವಕೋಶದ ಸಾಮಾನು ಬಳಸಿಯೇ ಅದು ಬೆಳೆಯಬೇಕು. ಹಾಗಾದರೆ ಯಾವ ಸಾಮಾನು ಕಿತ್ತುಕೊಂಡರೆ ಅದು ಸೋಲುತ್ತದೆ? ಒಂದೊಂದೇ ಜೀನ್ ಸುಮ್ಮನಾಗಿಸಿ ನೋಡುತ್ತಾ ಹೋದಾಗ ಸಿಕ್ಕಿದ್ದು ಓಎಟಿ3 ಎಂಬ ಸಾಗಣೆ ಪ್ರೋಟೀನ್. ಪ್ರೊಬೆನೆಸಿಡ್ ತಡೆಯುವುದೂ ಅದನ್ನೇ. ಅದನ್ನು ಕೊಟ್ಟಾಗ ಫ್ಲೂ ವೈರಸ್ ಕುಗ್ಗಿತು ಎಂದು 2013ರಲ್ಲಿ ಬರೆದರು. ಕೋವಿಡ್ ವೈರಸ್ ಕೂಡ ಹ್ಯಾಮ್‌ಸ್ಟರ್‌ಗಳಲ್ಲಿ ಕುಗ್ಗಿತು ಎಂದು 2021ರಲ್ಲಿ ವರದಿ ಮಾಡಿದರು.

ಇಲ್ಲೇ ಕಥೆ ತೊಡಕಾಗುವುದು. ಲಿವರ್‌ಪೂಲ್‌ನ ಸಂಶೋಧಕರು ಅದನ್ನೇ ಪರೀಕ್ಷಿಸಿ ನೋಡಿದರು. ಕೋಶಗಳಲ್ಲೂ ಹ್ಯಾಮ್‌ಸ್ಟರ್‌ಗಳಲ್ಲೂ ಕೋವಿಡ್ ವೈರಸ್ ಮೇಲೆ ಪರಿಣಾಮವೇ ಕಾಣಲಿಲ್ಲ. ಟ್ರಿಪ್ ಅವರ ಕಂಪನಿ ರೋಗಿಗಳ ಮೇಲೆ ನಡೆಸಿದ ಸಣ್ಣ ಪರೀಕ್ಷೆಯಲ್ಲೇನೋ ಕೋವಿಡ್ ವೈರಸ್ ಬೇಗ ಮಾಯವಾಗಿತ್ತು. ನನಗನ್ನಿಸುವುದು, ಔಷಧಿ ಕಂಪನಿಯದೇ ಪರೀಕ್ಷೆ, ಅದೂ ಸಣ್ಣದು ಎಂದ ಮೇಲೆ, ಬೇರೆಯವರು ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸುವವರೆಗೆ ನಂಬಿಕೆ ಸಾಲ ಕೊಡಬಾರದು.

ಫ್ಲೂ ಬಂತೆಂದು ಮನೆಯಲ್ಲಿರುವ ಗೌಟ್ ಮಾತ್ರೆ ನುಂಗುವುದಂತೂ ಬೇಡ. ಈ ಮಾತ್ರೆ ಪೆನಿಸಿಲಿನ್‌ಗೆ ಮುಚ್ಚಿದ ಕಿಡ್ನಿಯ ದಾರಿಯಲ್ಲೇ ಸಂಧಿವಾತ, ಕ್ಯಾನ್ಸರ್‌ಗೆ ಕೊಡುವ ಮೆಥೊಟ್ರೆಕ್ಸೇಟ್‌ನಂಥ ಔಷಧಿಗಳೂ ಹೊರಹೋಗಬೇಕು. ಅದು ರಕ್ತದಲ್ಲೇ ಉಳಿದು ಜಾಸ್ತಿಯಾದರೆ ವಿಷವಾಗುತ್ತದೆ.