ಬಿಟ್ ಬೇರೆ, ಬೈಟ್ ಬೇರೆ, ಬಾಡ್ ಬೇರೆ

ಕಳೆದ ವಾರ ಬಾಗಲಕೋಟೆ ನವನಗರದ ನಮ್ಮ ಅಂಗಡಿಗೆ ಬಂದ ಗ್ರಾಹಕರೊಬ್ಬರು ಮೊಬೈಲನ್ನು ನನ್ನ ಮುಂದಿಟ್ಟು, "ಸಾಹೇಬ್ರ, ನೂರರ ಪ್ಲಾನಿಗೆ ರೊಕ್ಕ ತುಂಬೇನಿ, ಇದ್ರಾಗ ನೋಡಿದ್ರ ಹನ್ನೆರಡ ತೋರಸಾಕತ್ತೈತಿ. ಉಳಿದ ಎಂಬತ್ತೆಂಟು ಎಲ್ಲಿ ಹೋತ್ರಿ?" ಎಂದು ಕೇಳಿದರು. ಎಲ್ಲಿಗೂ ಹೋಗಿರಲಿಲ್ಲ. ಪ್ಲಾನಿನಲ್ಲಿದ್ದುದು ಸೆಕೆಂಡಿಗೆ 100 ಮೆಗಾಬಿಟ್, ಮೊಬೈಲ್ ತೋರಿಸುತ್ತಿದ್ದುದು ಸೆಕೆಂಡಿಗೆ 12 ಮೆಗಾಬೈಟ್. ಬಿಟ್ ಎಂದರೆ ಒಂದು ಸೊನ್ನೆ ಅಥವಾ ಒಂದು ಒಂದು; ಅಂಥ ಎಂಟು ಬಿಟ್ ಸೇರಿದರೆ ಒಂದು ಬೈಟ್ ಆಗುವುದರಿಂದ ನೂರನ್ನು ಎಂಟರಿಂದ ಭಾಗಿಸಿದಾಗ ಹನ್ನೆರಡೂವರೆ ಬರುತ್ತದೆ. ಟೆಲಿಫೋನ್ ತಂತಿಗೆ ಮೋಡೆಮ್ ಜೋಡಿಸುತ್ತಿದ್ದ ದಿನಗಳಿಂದ ಫೈಬರ್ ಎಳೆಯುವ ಈ ದಿನಗಳವರೆಗೆ ಇದೊಂದೇ ಲೆಕ್ಕವನ್ನು ಬಿಡಿಸಿ ಹೇಳುತ್ತಲೇ ಬಂದಿದ್ದೇನೆ, ಆದರೂ ಜಗಳ ಮಾತ್ರ ನಿಂತಿಲ್ಲ. ಇಂಗ್ಲಿಷಿನ ಸಣ್ಣ ಬಿ ಅಕ್ಷರವಿದ್ದರೆ ಬಿಟ್, ದೊಡ್ಡ ಬಿ ಇದ್ದರೆ ಬೈಟ್. ಇದನ್ನು ನೋಡದೆ ಯಾರ ಮೇಲೂ ಸಿಟ್ಟಾಗಬಾರದು.

ಮೋಡೆಮ್ ಎಂದರೇನು ಎಂಬುದನ್ನು ಇಲ್ಲಿ ವಿವರಿಸುವುದಿಲ್ಲ. ಕಂಪ್ಯೂಟರಿನ ಅಂಕಿಗಳನ್ನು ಧ್ವನಿಯನ್ನಾಗಿ, ಧ್ವನಿಯನ್ನು ಮತ್ತೆ ಅಂಕಿಗಳನ್ನಾಗಿ ಮಾಡುವ ಪೆಟ್ಟಿಗೆ ಅದೆಂಬುದು ಬಹುತೇಕ ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿರುವುದು ಅದರ ಮೇಲೆ ಅಚ್ಚಾಗಿರುವ ಸಂಖ್ಯೆ ಏನನ್ನು ಅಳೆಯುತ್ತದೆ ಎಂಬುದು.

ನಮ್ಮ ಭಾಗದಲ್ಲಿ ಇದನ್ನು ಕಬ್ಬಿನ ಕಾಟಾದ ಮೂಲಕ ಹೇಳಿದರೆ ಬೇಗ ತಿಳಿಯುತ್ತದೆ. ತುಂಬಿದ ಟ್ರ್ಯಾಕ್ಟರನ್ನು ಕಾಟಾದ ಮೇಲೆ ನಿಲ್ಲಿಸಿ ತೂಗುತ್ತಾರೆ, ಕಬ್ಬು ಇಳಿಸಿದ ಮೇಲೆ ಖಾಲಿ ಗಾಡಿಯನ್ನು ಮತ್ತೆ ತೂಗುತ್ತಾರೆ. ರೈತನಿಗೆ ಹಣ ಸಿಗುವುದು ನಡುವಿನ ವ್ಯತ್ಯಾಸಕ್ಕೆ. ಟೆಲಿಫೋನ್ ಕರೆಯ ಮೂಲಕ ಸಂಪರ್ಕ ಕೊಡುತ್ತಿದ್ದ ಡಯಲ್‌ಅಪ್ ಮೋಡೆಮಿಗೂ ಕಂಪ್ಯೂಟರಿಗೂ ನಡುವಿನ, ಬಿಟ್‌ಗಳನ್ನು ಒಂದರ ಹಿಂದೊಂದು ಸಾಗಿಸುವ ಸೀರಿಯಲ್ ಕೇಬಲಿನಲ್ಲಿ ಪ್ರತಿ ಬೈಟಿನ ಮುಂದೆ ಒಂದು ಸ್ಟಾರ್ಟ್ ಬಿಟ್, ಹಿಂದೆ ಒಂದು ಸ್ಟಾಪ್ ಬಿಟ್ ಹೋಗುತ್ತವೆ. ಬೈಟ್ ಎಲ್ಲಿ ಆರಂಭವಾಯಿತು, ಎಲ್ಲಿ ಮುಗಿಯಿತು ಎಂಬುದನ್ನು ಎದುರಿನ ಯಂತ್ರ ಇವುಗಳಿಂದಲೇ ಗುರುತಿಸಬೇಕು. ಎಂಟು ಬಿಟ್ ಕಬ್ಬಿಗೆ ಎರಡು ಬಿಟ್ ಗಾಡಿಯ ತೂಕ ಸೇರಿ ಒಟ್ಟು ಹತ್ತಾಗುತ್ತದೆ. ಆದ್ದರಿಂದಲೇ ಹಳೆಯ ತಂತ್ರಜ್ಞರು ಸೆಕೆಂಡಿಗೆ 28,800 ಬಿಟ್ಟಿನ ಮೋಡೆಮಿನಲ್ಲಿ ಸೆಕೆಂಡಿಗೆ 2,880 ಬೈಟ್ ಎಂದು ಬಾಯಿಲೆಕ್ಕ ಹಾಕುತ್ತಿದ್ದರು. ಹತ್ತು ಲಕ್ಷ ಬೈಟಿನ ಕಡತಕ್ಕೆ ಆ ಲೆಕ್ಕದಲ್ಲಿ ಆರು ನಿಮಿಷಕ್ಕೆ ತುಸು ಕಡಿಮೆ ಬೇಕು. ಬಿಟ್ಟನ್ನೇ ಬೈಟೆಂದು ತಿಳಿದವರಿಗೆ ಅದು 35 ಸೆಕೆಂಡಿನ ಕೆಲಸವಾಗಿ ಕಾಣುತ್ತದೆ. ಎಲ್ಲ ಕಡೆಯೂ ಹತ್ತರಿಂದಲೇ ಭಾಗಿಸಬೇಕೆಂದು ನಾನು ಹೇಳುತ್ತಿಲ್ಲ. ಎರಡು ಮೋಡೆಮ್‌ಗಳ ನಡುವೆ ವಿ.42 ಎಂಬ ದೋಷ ತಿದ್ದುವ ಕ್ರಮ ಜಾರಿಯಲ್ಲಿದ್ದರೆ ಸ್ಟಾರ್ಟ್ ಮತ್ತು ಸ್ಟಾಪ್ ಬಿಟ್‌ಗಳನ್ನು ಟೆಲಿಫೋನ್ ತಂತಿಯ ಮೇಲೆ ಕಳುಹಿಸುವುದಿಲ್ಲ, ಅಲ್ಲಿ ಬೇರೆ ಬಗೆಯ, ಅದಕ್ಕಿಂತ ಹಗುರವಾದ ಹೊರೆ ಇರುತ್ತದೆ. ಆದರೆ ಯಾವ ತಂತಿಯಲ್ಲಿಯೂ ಗಾಡಿಯ ತೂಕ ಸೊನ್ನೆ ಆಗಿರುವುದಿಲ್ಲ.

ಇನ್ನು ಬಾಡ್ ಎಂಬ ಪದಕ್ಕೆ ಬರುತ್ತೇನೆ. ಫ್ರಾನ್ಸಿನ ಟೆಲಿಗ್ರಾಫ್ ಎಂಜಿನಿಯರ್ ಎಮಿಲ್ ಬೋದೊ ಅವರ ಹೆಸರಿನಿಂದ ಬಂದ ಈ ಪದವನ್ನು ಅನುಭವಿಗಳೂ ತಪ್ಪಾಗಿ ಬಳಸುತ್ತಾರೆ. ತಂತಿಯ ಮೇಲಿನ ಸಂಕೇತ ಸೆಕೆಂಡಿಗೆ ಎಷ್ಟು ಬಾರಿ ಬದಲಾಗಬಲ್ಲದು ಎಂಬುದೇ ಬಾಡ್. ಕಾಟಾದ ಭಾಷೆಯಲ್ಲಿ ಹೇಳುವುದಾದರೆ ಅದು ಗಾಡಿ ಹೊಡೆದ ಖೇಪುಗಳ ಎಣಿಕೆ, ಟನ್ನಿನ ಲೆಕ್ಕವಲ್ಲ. ಆರಂಭದ 300ರ ಮೋಡೆಮ್‌ಗಳಲ್ಲಿ ಒಂದು ಖೇಪಿಗೆ ಒಂದೇ ಬಿಟ್ ಹೋಗುತ್ತಿದ್ದುದರಿಂದ ಎರಡೂ ಸಂಖ್ಯೆಗಳು ಒಂದೇ ಆಗಿದ್ದವು, ಗೊಂದಲ ಹುಟ್ಟಿದ್ದು ಅಲ್ಲಿಯೇ. ಮುಂದೆ ವಿ.22 ಬಿಸ್ ಎಂಬ ಮಾನದಂಡದ 2,400 ಬಿಟ್ಟಿನ ಮೋಡೆಮ್ ಸೆಕೆಂಡಿಗೆ 600 ಖೇಪು ಮಾತ್ರ ಹೊಡೆದು ಪ್ರತಿ ಖೇಪಿಗೆ ನಾಲ್ಕು ಬಿಟ್ ಹೊತ್ತಿತು, 9,600ರ ವಿ.32 ಮೋಡೆಮ್ 2,400 ಖೇಪಿನಲ್ಲಿ ಅಷ್ಟಷ್ಟೇ ಹೊತ್ತಿತು. ಮಾತಿಗಾಗಿ ಮಾಡಿದ ಟೆಲಿಫೋನ್ ತಂತಿ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಸ್ವರಗಳನ್ನಷ್ಟೇ ದಾಟಿಸುವುದರಿಂದ ಖೇಪುಗಳನ್ನು ಮನಬಂದಂತೆ ಹೆಚ್ಚಿಸಲು ಬರುವುದಿಲ್ಲ, ಪ್ರತಿ ಖೇಪಿನ ಹೇರನ್ನೇ ಹೆಚ್ಚಿಸಬೇಕು. ಹಾಗೆ ಹೇರಿ ಹೇರಿಯೇ ವಿ.34 ಮೋಡೆಮ್ 33,600 ಬಿಟ್‌ವರೆಗೆ ಬಂತು. ಅದರ ಗರಿಷ್ಠ ಬಾಡ್ 3,429 ಮಾತ್ರ. "33,600 ಬಾಡ್ ಮೋಡೆಮ್ ಕೊಡಿ" ಎಂದು ಕೇಳಿದವರಿಗೆ ಅಂಥದ್ದು ಇಲ್ಲವೇ ಇಲ್ಲ ಎಂದು ಹೇಳಿದರೆ ಅವರು ಬೇರೆ ಅಂಗಡಿಗೆ ಹೋಗಿ ಅದೇ ಹೆಸರಿನಲ್ಲಿ ಕೊಂಡು ತರುತ್ತಿದ್ದರು.

ಮಹಾಲಿಂಗಪುರದ ಬೆಲ್ಲದ ವ್ಯಾಪಾರಿಯೊಬ್ಬರು ಈಗಲೂ ನೆನಪಾಗುತ್ತಾರೆ. 1995ರ ಆಗಸ್ಟ್ 15ರಂದು ಅಂದಿನ ಸರ್ಕಾರಿ ದೂರಸಂಪರ್ಕ ಸಂಸ್ಥೆ ವಿಎಸ್‌ಎನ್‌ಎಲ್ ಮಹಾನಗರಗಳಲ್ಲಿ ಸಾರ್ವಜನಿಕ ಇಂಟರ್‌ನೆಟ್ ಆರಂಭಿಸಿದ ಕೆಲವು ವರ್ಷಗಳ ನಂತರ ಅವರು ಮಗನ ಒತ್ತಾಯಕ್ಕೆ ಮೋಡೆಮ್ ಹಾಕಿಸಿದ್ದರು. ಸಂಪರ್ಕವಾದಾಗ ಪರದೆಯ ಮೇಲೆ 1,15,200 ಎಂದು ಮೂಡಿತು. ತಾವು ಕೊಂಡ 33,600ರ ಪೆಟ್ಟಿಗೆ ಮೂರು ಪಟ್ಟಿಗಿಂತ ಹೆಚ್ಚು ಓಡುತ್ತಿದೆ ಎಂದು ಹಿಗ್ಗಿದ ಅವರು ತಿಂಗಳೊಪ್ಪತ್ತಿನಲ್ಲಿ ಕೀರ್ದಿ ಪುಸ್ತಕ ಹಿಡಿದುಕೊಂಡು ಬಂದರು. ಪ್ರತಿ ಕಡತ ಇಳಿಯಲು ಹಿಡಿದ ನಿಮಿಷಗಳನ್ನು ಆ ಪುಸ್ತಕದಲ್ಲಿ ತಾರೀಖುವಾರು ಬರೆದಿಟ್ಟಿದ್ದರು. ಅಷ್ಟು ಶಿಸ್ತಿನಿಂದ ದೂರು ತಂದ ಇನ್ನೊಬ್ಬ ಗ್ರಾಹಕರನ್ನು ನಾನು ಕಂಡಿಲ್ಲ. ಅವರು ಓದಿದ್ದು ಕಂಪ್ಯೂಟರಿನಿಂದ ಮೋಡೆಮಿನವರೆಗಿನ ಒಂದು ಗೇಣು ಕೇಬಲಿನ ವೇಗ, ಟೆಲಿಫೋನ್ ತಂತಿಯದಲ್ಲ. ಮೋಡೆಮ್ ತನ್ನೊಳಗೆ ದತ್ತಾಂಶವನ್ನು ಕುಗ್ಗಿಸಿ ಕಳುಹಿಸಬಲ್ಲದು, ವಿ.42 ಬಿಸ್ ಕ್ರಮದಲ್ಲಿ ಅತಿ ಹೆಚ್ಚೆಂದರೆ ನಾಲ್ಕರಲ್ಲಿ ಒಂದಕ್ಕೆ. ಹಿಂದೆ ಹೇಳಿದ 28,800ರ ಮೋಡೆಮಿನ ನಾಲ್ಕು ಪಟ್ಟು ಸರಿಯಾಗಿ 1,15,200 ಆಗುತ್ತದೆ. ಮೋಡೆಮ್ ಹಸಿದು ಕೂರದಿರಲೆಂದು ಕೇಬಲಿನ ವೇಗವನ್ನು ಮುಂಚೆಯೇ ಹೆಚ್ಚಿಗೆ ಇಡುತ್ತಾರೆ. ಈಗಾಗಲೇ ಕುಗ್ಗಿಸಿದ ಚಿತ್ರಗಳು ಮತ್ತೆ ಕುಗ್ಗುವುದಿಲ್ಲ, ಅವರು ಇಳಿಸಿಕೊಳ್ಳುತ್ತಿದ್ದುದು ಹೆಚ್ಚಾಗಿ ಅವುಗಳನ್ನೇ. ಎಲ್ಲವನ್ನೂ ಕೇಳಿದ ಅವರು, "ಅಂದ್ರ ಅಂಗಳದಾಗಿನ ದಾರಿ ಅಗಲ ಐತಿ, ಊರ ರಸ್ತಾ ಸಣ್ಣದೈತಿ" ಎಂದರು. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಡಯಲ್‌ಅಪ್ ಹೋಯಿತು, ಈ ಪದಗಳೇಕೆ ಎಂದು ಹೊಸ ಹುಡುಗರು ಕೇಳುತ್ತಾರೆ. ಮೀಟರುಗಳಿಗೆ ಜೋಡಿಸುವ, ಮೊಬೈಲ್ ಜಾಲದ ಮೂಲಕ ಅಂಕಿ ಕಳುಹಿಸುವ ಜಿಎಸ್‌ಎಂ ಮೋಡೆಮ್‌ಗಳು, 1981ರ ಹೇಯ್ಸ್ ಸ್ಮಾರ್ಟ್‌ಮೋಡೆಮಿನಿಂದ ಬಂದ, ಎ ಮತ್ತು ಟಿ ಅಕ್ಷರಗಳಿಂದ ಆರಂಭವಾಗುವ ಆಜ್ಞೆಗಳಿಗೇ ಇಂದಿಗೂ ಓಗೊಡುತ್ತವೆ. ಕಳೆದ ಹಂಗಾಮಿನಲ್ಲಿ ಮುಧೋಳ ಭಾಗದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ವಿದ್ಯುತ್ ಮೀಟರಿನಿಂದ ಅಂಕಿಗಳು ಬರುತ್ತಿಲ್ಲವೆಂದು ಎರಡು ಬಾರಿ ಕೇಬಲ್ ಬದಲಿಸಿದ ಮೇಲೆ ನನ್ನನ್ನು ಕರೆದರು. "ಎರಡೂ ಕಡೆ 9600 ಬಾಡ್ ಐತ್ರಿ ಸರ್, ಮತ್ತೇನ ಬೇಕು?" ಎಂದು ಅಲ್ಲಿನ ಯುವ ಎಂಜಿನಿಯರ್ ಕೇಳಿದ. ಬಾಡ್ ಸರಿಯಾಗಿಯೇ ಇತ್ತು. ಮೀಟರು ಪ್ರತಿ ಬೈಟಿಗೆ ಒಂದು ಸಮ ಪ್ಯಾರಿಟಿ ಬಿಟ್, ಅಂದರೆ ಒಂದುಗಳ ಒಟ್ಟು ಎಣಿಕೆಯನ್ನು ಸಮಸಂಖ್ಯೆ ಮಾಡುವ ಬಿಟ್ಟನ್ನು ಸೇರಿಸಿ ಹನ್ನೊಂದು ಬಿಟ್ ಕಳುಹಿಸುತ್ತಿತ್ತು. ಕಂಪ್ಯೂಟರು ಹತ್ತನ್ನೇ ನಿರೀಕ್ಷಿಸಿ, ಸ್ಟಾಪ್ ಬಿಟ್ ಇರಬೇಕಾದ ಜಾಗದಲ್ಲಿ ಬೇರೇನೋ ಕಂಡು ತಿರಸ್ಕರಿಸುತ್ತಿತ್ತು. ಒಂದು ಆಯ್ಕೆಯನ್ನು ಬದಲಿಸಿದೊಡನೆ ಅಂಕಿಗಳು ಮೂಡಿದವು. ಹೊರಡುವ ಮುನ್ನ ಆ ಹುಡುಗ ಪ್ಯಾನೆಲ್ ಬಾಗಿಲಿನ ಒಳಗೆ ಮಾರ್ಕರಿನಿಂದ, ನಾನು ಹೇಳದೆಯೇ, ಹೀಗೆ ಬರೆದ: 9600, ಎಂಟು ಬಿಟ್, ಸಮ ಪ್ಯಾರಿಟಿ, ಒಂದು ಸ್ಟಾಪ್.