ಬ್ಲಾಕ್ ಟೈಮ್: ವಿಮಾನದ ಟಿಕೆಟ್ ಮೇಲಿನ ತಾಸಿನ ಲೆಕ್ಕ

ಹುಬ್ಬಳ್ಳಿಯಿಂದ ಬೆಂಗಳೂರಿಗೆ ವಿಮಾನದ ಟಿಕೆಟ್ ತೆಗೆದರೆ ಒಂದು ತಾಸಿಗಿಂತ ತುಸು ಜಾಸ್ತಿ ಸಮಯ ತೋರಿಸುತ್ತದೆ. ಎರಡೂ ವಿಮಾನ ನಿಲ್ದಾಣಗಳ ನಡುವೆ ನೇರ ಗೆರೆ ಎಳೆದರೆ ಸುಮಾರು 370 ಕಿ.ಮೀ. ಜೆಟ್ ವಿಮಾನ ತಾಸಿಗೆ 800 ಕಿ.ಮೀ. ಹಾರುತ್ತದೆ ಅಂತ ಕೇಳಿರುತ್ತೇವೆ. ಹಾಗಾದರೆ ಅರ್ಧ ತಾಸಿನೊಳಗೆ ಮುಟ್ಟಬೇಕಲ್ವಾ?

ಟಿಕೆಟ್ ಮೇಲೆ ಇರುವುದು ಬ್ಲಾಕ್ ಟೈಮ್. ನಿಂತ ಲಾರಿಯ ಗಾಲಿಗೆ ಕಲ್ಲು ಕೊಡುವಂತೆ ನಿಂತ ವಿಮಾನದ ಗಾಲಿಗೂ ಅಡ್ಡ ಕೊಡುತ್ತಾರೆ, ಅದೇ ಬ್ಲಾಕ್. ಅದನ್ನು ತೆಗೆದು ವಿಮಾನ ನಿಂತ ಜಾಗದಿಂದ ಅಲುಗಿದಾಗ ಗಡಿಯಾರ ಶುರು. ಇನ್ನೊಂದು ಊರಲ್ಲಿ ಇಳಿದು, ತನ್ನ ಜಾಗಕ್ಕೆ ಬಂದು ನಿಂತಾಗ ಬಂದ್. ಪೈಲಟ್‌ಗಳ ಹಾರಾಟದ ತಾಸುಗಳನ್ನೂ ಹೀಗೇ ಎಣಿಸುತ್ತಾರೆ.

ಹುಬ್ಬಳ್ಳಿಯ ಗೋಕುಲ ರಸ್ತೆಯ ನಮ್ಮ ನಿಲ್ದಾಣ ಸಣ್ಣದು, ಹೊರಟು ರನ್‌ವೇ ಮುಟ್ಟಲು ಹೆಚ್ಚು ಹೊತ್ತು ಬೇಡ. ಬೆಂಗಳೂರಿನ ಕಡೆ ಹಾಗಿಲ್ಲ. ಇಳಿಯಲು ಸರದಿ ಇರುತ್ತದೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ ಇಳಿಯುವ ದಿಕ್ಕು ಗೊತ್ತು ಮಾಡುತ್ತಾರೆ, ಕೆಲವೊಮ್ಮೆ ಅದಕ್ಕಾಗಿ ಸುತ್ತು ಹೊಡೆಯಬೇಕು. ನೆಲಕ್ಕೆ ಮುಟ್ಟಿದ ಮೇಲೂ ಟ್ಯಾಕ್ಸಿವೇ, ಅಂದರೆ ರನ್‌ವೇಯಿಂದ ನಿಲ್ಲುವ ಜಾಗಕ್ಕೆ ಹೋಗುವ ದಾರಿ, ಅದರ ಮೇಲೆ ನಿಧಾನ ಓಡಾಟ. ಜನ ಆಗಲೇ ಎದ್ದು ಬ್ಯಾಗ್ ಇಳಿಸುತ್ತಿರುತ್ತಾರೆ, ಗಡಿಯಾರ ಮಾತ್ರ ಇನ್ನೂ ಓಡುತ್ತಿರುತ್ತದೆ. ಇನ್ನು ಏರುವಾಗ, ಇಳಿಯುವಾಗ ಪೂರ್ತಿ ವೇಗ ಇರುವುದಿಲ್ಲ. ರೆಕ್ಕೆಯಲ್ಲಿ ಫ್ಯಾನ್ ತಿರುಗುವ ಎಟಿಆರ್ ವಿಮಾನ ಸಿಕ್ಕರಂತೂ ಅದರ ವೇಗವೇ ತಾಸಿಗೆ 500 ಕಿ.ಮೀ. ಆಸುಪಾಸು.

ಹೀಗೆ ಖರ್ಚಾಗುವ ಹೆಚ್ಚುವರಿ ಸಮಯ ಹತ್ತಿರದ ಊರಿಗೂ ಅಷ್ಟೇ, ದೂರದ ಊರಿಗೂ ಹೆಚ್ಚು ಕಡಿಮೆ ಅಷ್ಟೇ. ಹುಬ್ಬಳ್ಳಿಯಿಂದ ದಿಲ್ಲಿ ನೇರ ಗೆರೆಯಲ್ಲಿ ಸುಮಾರು 1,480 ಕಿ.ಮೀ., ಅಂದರೆ ಬೆಂಗಳೂರಿನ ನಾಲ್ಕು ಪಟ್ಟು. ಸಮಯ ಮಾತ್ರ ಎರಡೂವರೆ ತಾಸು ಚಿಲ್ಲರೆ. ಅಂದ ಹಾಗೆ, ರಸ್ತೆಯಲ್ಲಿ ಹೋದರೆ ದಿಲ್ಲಿ 1,800 ಕಿ.ಮೀ. ದಾಟುತ್ತದೆ. ಮ್ಯಾಪ್‌ನಲ್ಲಿ ಕಾರಿನ ದೂರ ನೋಡಿ ವಿಮಾನದ ಸಮಯ ಅಂದಾಜು ಮಾಡಲು ಹೋಗಬೇಡಿ.

ಕಂಪನಿಗಳು ಬ್ಲಾಕ್ ಟೈಮ್‌ಗೆ ಒಂದಿಷ್ಟು ನಿಮಿಷ ಕೈಯಿಂದ ಸೇರಿಸುವುದೂ ಉಂಟು. ನಿಗದಿಯಾದ ವೇಳೆಯಿಂದ 15 ನಿಮಿಷದೊಳಗೆ ಬಂದರೆ ‘ಸಮಯಕ್ಕೆ ಸರಿಯಾಗಿ’ ಅನ್ನುವುದು ವಿಮಾನಗಳ ರೂಢಿ. ‘ನಾವು ಬೇಗ ಬಂದಿದ್ದೇವೆ’ ಅಂತ ಒಳಗೆ ಘೋಷಣೆ ಆದಾಗ ಅರ್ಧ ಜಾಣತನ ಟೈಮ್‌ಟೇಬಲ್ ಬರೆದವರದು ಅಂತ ನನ್ನ ಗುಮಾನಿ.

ವಿದೇಶಕ್ಕೆ ಹೋಗುವಾಗ ಮಾತ್ರ ಹುಷಾರಾಗಿರಿ. ಟಿಕೆಟ್‌ನಲ್ಲಿ ಹೊರಡುವ, ಮುಟ್ಟುವ ಎರಡೂ ಸಮಯ ಆಯಾ ಊರಿನ ಗಡಿಯಾರದ್ದು. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ತಾಸು ಹಿಂದೆ. ಬೆಂಗಳೂರಿನಿಂದ ಮಧ್ಯಾಹ್ನ 12ಕ್ಕೆ ಹೊರಟು ಅಲ್ಲಿ ಸಂಜೆ 5ಕ್ಕೆ ಇಳಿದರೆ, ಐದು ತಾಸಿಗೆ ಐದೂವರೆ ಕೂಡಿಸಿ: ಬ್ಲಾಕ್ ಟೈಮ್ ಹತ್ತೂವರೆ ತಾಸು. ವಾಪಸ್ ಬರುವಾಗ ಕೂಡಿಸುವುದಲ್ಲ, ಕಳೆಯಬೇಕು. ಆ ಕಡೆಯಿಂದ ಸಮಯವೂ ಸಾಮಾನ್ಯವಾಗಿ ಕಡಿಮೆ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವ ಜೆಟ್ ಸ್ಟ್ರೀಮ್ ಗಾಳಿ ವಿಮಾನವನ್ನು ಹಿಂದಿನಿಂದ ನೂಕುತ್ತದೆ.